ಮೇಗನ್ ಕಾನೂನಿನ ಪಟ್ಟಿಯಲ್ಲಿ ನೆರೆಯವನ ಹೆಸರು: ಮಕ್ಕಳಿರುವ ಮನೆಯವರು ಮಾಡಬೇಕಾದ್ದು

ಪ್ರಶ್ನೆ: ನ್ಯೂಜೆರ್ಸಿಯ ಮಿಡಲ್‌ಸೆಕ್ಸ್ ಕೌಂಟಿಯಲ್ಲಿ ಮನೆ ಕೊಳ್ಳುವ ಹಂತದಲ್ಲಿದ್ದೇವೆ. 6 ಮತ್ತು 10 ವರ್ಷದ ಇಬ್ಬರು ಮಕ್ಕಳಿದ್ದಾರೆ. ರಾಜ್ಯ ಪೊಲೀಸರ ಜಾಲತಾಣದಲ್ಲಿ ಹುಡುಕಿದಾಗ ಆ ಮನೆಯಿಂದ ಮೂರು ಬೀದಿ ಆಚೆ ಒಬ್ಬ ಲೈಂಗಿಕ ಅಪರಾಧಿಯ ಫೋಟೊ, ವಿಳಾಸ ಸಿಕ್ಕಿತು. ಈ ಮನೆ ಬಿಡಬೇಕೆ? ಅವನನ್ನು ಅಲ್ಲಿಂದ ಕಳಿಸಲು ದಾರಿ ಇದೆಯೆ? ಫೋಟೊವನ್ನು ನಮ್ಮ ಕನ್ನಡ ಕೂಟದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಹುದೆ? ಬೇಸಿಗೆಗೆ ಮೈಸೂರಿನಿಂದ ಅಪ್ಪ ಅಮ್ಮ ಬಂದು ಮಕ್ಕಳನ್ನು ಪಾರ್ಕಿಗೆ ಕರೆದೊಯ್ಯುತ್ತಾರೆ, ಅವರಿಗೆ ಏನು ಹೇಳಬೇಕು? ಬೆಂಗಳೂರಿನಲ್ಲೂ ಇಂಥ ಪಟ್ಟಿ ಇದೆಯೆ ಎಂದು ತಂಗಿ ಕೇಳುತ್ತಿದ್ದಾಳೆ.

ಉತ್ತರ: ಮನೆಯ ಬಗ್ಗೆ ತೀರ್ಮಾನಿಸುವ ಮೊದಲು ಆ ಪುಟವನ್ನು ಕೊನೆಯವರೆಗೆ ಓದಿ. ಹೆಚ್ಚಿನವರು ಫೋಟೊ ನೋಡಿ, ದೂರ ಅಳೆದು, ಗಾಬರಿಯಾಗಿ ಪುಟ ಮುಚ್ಚುತ್ತಾರೆ. ನ್ಯೂಜೆರ್ಸಿಯ ಕಾನೂನಿನ ಪ್ರಕಾರ ಆ ಪುಟದಲ್ಲಿ ಇನ್ನೂ ಎಷ್ಟೋ ವಿವರ ಇರಬೇಕು: ಯಾವ ಅಪರಾಧ, ಯಾವ ವರ್ಷ ಎಲ್ಲಿ ತೀರ್ಪಾಯಿತು, ಕೃತ್ಯ ಎಸಗಿದ ರೀತಿ, ಮತ್ತೆ ಎಸಗುವ ಅಪಾಯ ಮಧ್ಯಮವೋ ಹೆಚ್ಚೋ, ಎತ್ತರ, ತೂಕ, ಮಚ್ಚೆ ಅಥವಾ ಹಚ್ಚೆ, ವಾಹನದ ಮಾದರಿ, ಬಣ್ಣ, ನಂಬರ್ ಪ್ಲೇಟ್. ನಿಮಗೆ ಹೆಚ್ಚು ಉಪಯೋಗವಾಗುವುದು ಕೃತ್ಯದ ರೀತಿಯ ಆ ಒಂದೆರಡು ಸಾಲು. ಕುಟುಂಬದ ಸ್ನೇಹ ಬೆಳೆಸಿ ಮಕ್ಕಳಿಗೆ ಹತ್ತಿರವಾದವನು ಒಂದು ಬಗೆ, ಇಂಟರ್‌ನೆಟ್‌ನಲ್ಲಿ ಪರಿಚಯ ಮಾಡಿಕೊಂಡವನು ಇನ್ನೊಂದು ಬಗೆ, ವಯಸ್ಕ ಮಹಿಳೆಯ ಮೇಲೆ ಹಲ್ಲೆ ಮಾಡಿದವನು ಮತ್ತೊಂದು. ಮೂವರ ಮುಂದೆಯೂ ಎಚ್ಚರ ಬೇಕು, ಆದರೆ ಎಲ್ಲಿ ಎಚ್ಚರ ಎಂಬುದು ಬೇರೆಬೇರೆ.

ಈ ಪಟ್ಟಿಯ ಮೂಲ ನಿಮ್ಮ ರಾಜ್ಯದಲ್ಲೇ ಇದೆ. 1994ರ ಜುಲೈ 29ರಂದು ಹ್ಯಾಮಿಲ್ಟನ್ ಟೌನ್‌ಷಿಪ್‌ನಲ್ಲಿ 7 ವರ್ಷದ ಮೇಗನ್ ಕ್ಯಾಂಕಾಳನ್ನು ಎದುರು ಮನೆಯವನು ಅತ್ಯಾಚಾರ ಮಾಡಿ ಕೊಂದ. ಮಕ್ಕಳ ಮೇಲಿನ ಅಪರಾಧಕ್ಕೆ ಅವನಿಗೆ ಹಿಂದೆ ಎರಡು ಸಲ ಶಿಕ್ಷೆಯಾಗಿತ್ತು, ಅದು ಮೇಗನ್‌ಳ ತಂದೆತಾಯಿಗೆ ಗೊತ್ತಿರಲಿಲ್ಲ. ಮೂರೇ ತಿಂಗಳಲ್ಲಿ, ಅಕ್ಟೋಬರ್ 31ರಂದು, ಇಂಥ ಅಪರಾಧಿಗಳ ಬಗ್ಗೆ ನೆರೆಹೊರೆಗೆ ತಿಳಿಸುವ ‘ಮೇಗನ್ ಕಾನೂನ’ನ್ನು ನ್ಯೂಜೆರ್ಸಿ ಮಾಡಿತು. 1996ರಲ್ಲಿ ಅದು ಇಡೀ ಅಮೆರಿಕಕ್ಕೆ ಹಬ್ಬಿತು.

ಈಗ ಪಟ್ಟಿ ಕೆಲಸ ಮಾಡುವ ಬಗೆ. ಶಿಕ್ಷೆ ಮುಗಿಸಿ ಬಂದವನು ಸ್ಥಳೀಯ ಪೊಲೀಸರಲ್ಲಿ ನೋಂದಾಯಿಸಿಕೊಳ್ಳಬೇಕು, ವರ್ಷಕ್ಕೊಮ್ಮೆ ವಿಳಾಸ ದೃಢಪಡಿಸಬೇಕು. ಚಟದಂತೆ ಪದೇಪದೇ ಅಪರಾಧ ಮಾಡಿದವನೆಂದು ಕೋರ್ಟ್ ಹೇಳಿದ್ದರೆ 90 ದಿನಕ್ಕೊಮ್ಮೆ. ಮನೆ ಬದಲಿಸುವುದಾದರೆ 10 ದಿನ ಮೊದಲೇ ತಿಳಿಸಬೇಕು. ಕೌಂಟಿ ಪ್ರಾಸಿಕ್ಯೂಟರ್ (ಸರ್ಕಾರಿ ವಕೀಲರ) ಕಚೇರಿ 13 ಅಂಶಗಳ ಒಂದು ಮಾಪನದಲ್ಲಿ ಅವನಿಗೆ ಅಂಕ ಹಾಕುತ್ತದೆ. ಅಪರಾಧದ ತೀವ್ರತೆ, ಹಿಂದಿನ ಅಪರಾಧಗಳು, ಚಿಕಿತ್ಸೆಗೆ ಸ್ಪಂದಿಸಿದ ರೀತಿ, ಕೆಲಸ ಮತ್ತು ಮನೆಯ ಸ್ಥಿರತೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅಂಕ 36ರವರೆಗೆ ಇದ್ದರೆ ಟಿಯರ್ 1, ಅಂದರೆ ಕಡಿಮೆ ಅಪಾಯದ ದರ್ಜೆ; 37ರಿಂದ 73ರವರೆಗೆ ಟಿಯರ್ 2, ಮಧ್ಯಮ; 74 ಮತ್ತು ಮೇಲ್ಪಟ್ಟು ಟಿಯರ್ 3, ಹೆಚ್ಚು. ಈ ಅಂಕವನ್ನು ಅವನು ನ್ಯಾಯಾಧೀಶರ ಮುಂದೆ ಪ್ರಶ್ನಿಸಬಹುದು, ಆದ್ದರಿಂದ ಹೊಸದಾಗಿ ಬಂದವನ ಟಿಯರ್ ನಿರ್ಧಾರವಾಗಲು ಸಮಯ ಹಿಡಿಯುತ್ತದೆ. ಟಿಯರ್ 1ರವರ ಮಾಹಿತಿ ಪೊಲೀಸರಿಗೆ ಮಾತ್ರ. ಟಿಯರ್ 2 ಆದರೆ ಸುತ್ತಲಿನ ಶಾಲೆ, ಡೇಕೇರ್, ಬೇಸಿಗೆ ಶಿಬಿರ, ನೋಂದಾಯಿತ ಸಂಘಸಂಸ್ಥೆಗಳಿಗೆ ತಿಳಿಸುತ್ತಾರೆ. ಟಿಯರ್ 3 ಆದರೆ ಪೊಲೀಸರು ಮನೆಮನೆಗೆ ಬಂದು ಚೀಟಿ ಕೊಡುತ್ತಾರೆ.

ಜಾಲತಾಣದಲ್ಲಿ ಟಿಯರ್ 3ರ ಎಲ್ಲರೂ, ಟಿಯರ್ 2ರ ಹೆಚ್ಚಿನವರೂ ಇರುತ್ತಾರೆ. ಎಲ್ಲರಲ್ಲ. ಟಿಯರ್ 2ರಲ್ಲಿ ಸಾಮಾನ್ಯವಾಗಿ ಹೊರಗುಳಿಯುವವರು ಯಾರೆಂದು ಗಮನಿಸಿ: ಅಪ್ರಾಪ್ತ ವಯಸ್ಸಿನಲ್ಲಿ ಅಪರಾಧ ಮಾಡಿದವರು, ಮತ್ತು ತಮ್ಮದೇ ಮನೆಯ ಅಥವಾ ಕುಟುಂಬದ ಮಗುವಿನ ಮೇಲೆ ಒಂದೇ ಪ್ರಕರಣದಲ್ಲಿ ಶಿಕ್ಷೆಯಾದವರು. ಎರಡನೆಯದಕ್ಕೆ ಒಳ್ಳೆಯ ಕಾರಣವೇ ಇದೆ. ತಂದೆಯ ಅಥವಾ ಚಿಕ್ಕಪ್ಪನ ಹೆಸರು ಪ್ರಕಟವಾದರೆ ಆ ಮಗು ಯಾರೆಂದು ಊರಿಗೆಲ್ಲ ಗೊತ್ತಾಗುತ್ತದೆ. ಆದರೆ ಇದರ ಪರಿಣಾಮ ಏನೆಂದರೆ, ಮಕ್ಕಳ ಮೇಲೆ ಹೆಚ್ಚಾಗಿ ನಡೆಯುವ ಬಗೆಯ ಅಪರಾಧವೇ ಜಾಲತಾಣದ ನಕಾಶೆಯಲ್ಲಿ ಕಾಣುವುದು ಕಡಿಮೆ. ನಕಾಶೆ ಖಾಲಿ ಇರುವ ಬೀದಿಯೂ ಸುರಕ್ಷಿತವೆಂದು ತಿಳಿಯಬಾರದು.

ಅಮೆರಿಕದ ನ್ಯಾಯ ಇಲಾಖೆಯ ಅಂಕಿಅಂಶ ವಿಭಾಗ 2000ದಲ್ಲಿ ಪ್ರಕಟಿಸಿದ ವರದಿಯಂತೆ, ಪೊಲೀಸರ ಬಳಿಗೆ ಬಂದ ಪ್ರಕರಣಗಳಲ್ಲಿ ಲೈಂಗಿಕ ದೌರ್ಜನ್ಯಕ್ಕೊಳಗಾದ ಮಕ್ಕಳ ಪೈಕಿ ಶೇ 34ರಷ್ಟು ಮಂದಿಗೆ ಅಪರಾಧಿ ಕುಟುಂಬದವನೇ ಆಗಿದ್ದ, ಶೇ 59ರಷ್ಟು ಮಂದಿಗೆ ಪರಿಚಿತನಾಗಿದ್ದ. ಅಪರಿಚಿತರು ಶೇ 7 ಮಾತ್ರ. ನ್ಯೂಯಾರ್ಕ್ ರಾಜ್ಯದ ಬಂಧನಗಳನ್ನು ಪರಿಶೀಲಿಸಿದ 2008ರ ಅಧ್ಯಯನದಲ್ಲಿ, ಲೈಂಗಿಕ ಅಪರಾಧಕ್ಕೆ ಸಿಕ್ಕಿಬಿದ್ದವರಲ್ಲಿ ಶೇ 95ಕ್ಕಿಂತ ಹೆಚ್ಚು ಜನರಿಗೆ ಅಂಥ ಅಪರಾಧದಲ್ಲಿ ಹಿಂದೆ ಶಿಕ್ಷೆಯೇ ಆಗಿರಲಿಲ್ಲ, ಅಂದರೆ ಅವರು ಯಾವ ಪಟ್ಟಿಯಲ್ಲೂ ಇರಲು ಸಾಧ್ಯವಿರಲಿಲ್ಲ. ಪಟ್ಟಿಯಲ್ಲಿರುವವರದ್ದೂ ಹೇಳಬೇಕು: 2005ರಲ್ಲಿ 30 ರಾಜ್ಯಗಳ ಜೈಲುಗಳಿಂದ ಬಿಡುಗಡೆಯಾದ ಲೈಂಗಿಕ ಅಪರಾಧಿಗಳಲ್ಲಿ 9 ವರ್ಷಗಳೊಳಗೆ ಅತ್ಯಾಚಾರ ಅಥವಾ ಲೈಂಗಿಕ ಹಲ್ಲೆಗಾಗಿ ಮತ್ತೆ ಬಂಧನವಾದವರು ಶೇ 7.7. ದೂರೇ ದಾಖಲಾಗದ ಪ್ರಕರಣಗಳು ಬಹಳ ಇರುವುದರಿಂದ ನಿಜವಾದ ಪ್ರಮಾಣ ಇದಕ್ಕಿಂತ ಹೆಚ್ಚೇ ಇರುತ್ತದೆ. ಆದರೂ ನನ್ನ ಅಭಿಪ್ರಾಯ ಇಷ್ಟು: ನಕಾಶೆಗೆ ಕಾಲು ಗಂಟೆ ಕೊಡಿ. ಉಳಿದ ಶ್ರಮವೆಲ್ಲ ನಿಮ್ಮ ಮಕ್ಕಳ ಜೊತೆ ಒಂಟಿಯಾಗಿ ಸಮಯ ಕಳೆಯುವ ಅವಕಾಶ ಯಾರಿಗೆ ಸಿಗುತ್ತಿದೆ ಎಂಬುದರ ಕಡೆ ಹೋಗಲಿ.

ಆ ಕಾಲು ಗಂಟೆ ಹೀಗೆ. ರಾಜ್ಯದ ತಾಣವೊಂದೇ ಸಾಲದು, ಕೇಂದ್ರ ನ್ಯಾಯ ಇಲಾಖೆಯ ಡ್ರೂ ಶೋಡಿನ್ ಹೆಸರಿನ ರಾಷ್ಟ್ರೀಯ ತಾಣದಲ್ಲೂ ಹುಡುಕಿ. ಅದು 50 ರಾಜ್ಯಗಳ ಪಟ್ಟಿಗಳನ್ನು ಒಟ್ಟಿಗೆ ಜಾಲಾಡುತ್ತದೆ, ವಿಳಾಸದ ಸುತ್ತಲಿನವರನ್ನೂ ತೋರಿಸುತ್ತದೆ. ಸಂಗೀತದ ಮೇಷ್ಟ್ರು ಕ್ವೀನ್ಸ್‌ನಿಂದ ಬರುವವರಾಗಿದ್ದರೆ ನ್ಯೂಯಾರ್ಕ್‌ನ ಕೆಳಹಂತದ ಅಪರಾಧಿಗಳು ಜಾಲತಾಣದಲ್ಲಿ ಇರುವುದಿಲ್ಲ, ಆ ರಾಜ್ಯದ ದೂರವಾಣಿ ಸಂಖ್ಯೆ 1-800-262-3257ಕ್ಕೆ ಕರೆಮಾಡಿ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಕೇಳಬೇಕು. ಒಂದು ರಾಜ್ಯದ ‘ಟಿಯರ್ 2’ ಇನ್ನೊಂದು ರಾಜ್ಯದ ‘ಟಿಯರ್ 2’ ಅಲ್ಲ ಎಂಬುದನ್ನೂ ಮರೆಯಬೇಡಿ. 2006ರ ಕೇಂದ್ರ ಕಾನೂನು ಯಾವ ಅಪರಾಧ ಎಂಬುದರ ಮೇಲೆ ದರ್ಜೆ ನಿಗದಿಮಾಡಿ 15 ವರ್ಷ, 25 ವರ್ಷ, ಜೀವಮಾನದ ನೋಂದಣಿ ಎನ್ನುತ್ತದೆ. ನ್ಯೂಜೆರ್ಸಿ ಮುಂದಿನ ಅಪಾಯವನ್ನು ಅಳೆದು ದರ್ಜೆ ಕೊಡುತ್ತದೆ. ಕೊನೆಗೆ, ಹೆಸರು ಹೊಂದಿತು ಎಂದು ಯಾರನ್ನೂ ಅಪರಾಧಿ ಎನ್ನಬೇಡಿ. ಹುಟ್ಟಿದ ದಿನಾಂಕ, ಫೋಟೊ, ಎತ್ತರ ಮೂರೂ ತಾಳೆಯಾಗಬೇಕು.

ಮನೆ ಖರೀದಿಯ ಒಪ್ಪಂದದಲ್ಲಿ ಮೇಗನ್ ಕಾನೂನಿನ ಒಂದು ಹೇಳಿಕೆ ಇರುತ್ತದೆ, ಓದಿ ಸಹಿ ಹಾಕಿ. ರಿಯಲ್ ಎಸ್ಟೇಟ್ ಏಜೆಂಟರಿಗೆ ಪ್ರಾಸಿಕ್ಯೂಟರ್ ಯಾವ ಮಾಹಿತಿಯನ್ನೂ ಕೊಡುವುದಿಲ್ಲ, ಅವರು ನಿಮಗಾಗಿ ತಂದುಕೊಡಲೂ ಆಗದು ಎಂದು ಅದು ಹೇಳುತ್ತದೆ. ಹಾಗಾಗಿ ‘ಏಜೆಂಟ್ ಏನೂ ಹೇಳಲಿಲ್ಲ’ ಎಂಬುದರಿಂದ ಏನೂ ಇಲ್ಲ ಎಂದು ಅರ್ಥ ಮಾಡಿಕೊಳ್ಳಬೇಡಿ. ಖರೀದಿ ಮುಗಿದ ಮೇಲೆ ಕೌಂಟಿ ಪ್ರಾಸಿಕ್ಯೂಟರ್ ಕಚೇರಿಗೆ ಕರೆಮಾಡಿ, ನಿಮಗೆ ತಿಳಿಸಬಹುದಾದದ್ದು ಇದ್ದರೆ ಅವರೇ ಹೇಳುತ್ತಾರೆ. ಮೂರು ಬೀದಿ ಆಚೆ ಒಂದು ಹೆಸರಿದೆ ಎಂಬ ಒಂದೇ ಕಾರಣಕ್ಕೆ ಈ ಮನೆ ಬಿಡಬೇಡಿ. ಪಕ್ಕದ ಮನೆಯೇ ಆಗಿದ್ದು, ಅಪರಾಧ ಚಿಕ್ಕ ಮಕ್ಕಳ ಮೇಲಿನದಾಗಿದ್ದು, ಅಪಾಯ ಹೆಚ್ಚು ಎಂದಿದ್ದರೆ ನನ್ನ ಸಲಹೆ ಬೇರೆ ಇರುತ್ತಿತ್ತು.

ಅವನನ್ನು ಅಲ್ಲಿಂದ ಕಳಿಸಲು ಆಗುವುದಿಲ್ಲ. ಶಾಲೆ, ಪಾರ್ಕುಗಳಿಂದ ಇಷ್ಟು ಅಡಿ ದೂರವಿರಬೇಕು ಎಂದು ನ್ಯೂಜೆರ್ಸಿಯ ಹಲವು ಊರುಗಳು ಮಾಡಿದ್ದ ನಿಯಮಗಳನ್ನು ರಾಜ್ಯದ ಸುಪ್ರೀಂ ಕೋರ್ಟ್ 2009ರಲ್ಲಿ ಗ್ಯಾಲೊವೇ ಟೌನ್‌ಷಿಪ್ ಪ್ರಕರಣದಲ್ಲಿ ಅನೂರ್ಜಿತಗೊಳಿಸಿತು. ಬೇರೆ ರಾಜ್ಯಗಳಲ್ಲಿ ಅಂಥ ನಿಯಮಗಳಿವೆ, ಅವುಗಳಿಂದ ಮಕ್ಕಳಿಗೆ ಆದ ಲಾಭ ಕಾಣುವುದಿಲ್ಲ. ಮಿನ್ನೆಸೋಟಾದ ಬಂದೀಖಾನೆ ಇಲಾಖೆ ಮತ್ತೆ ಅಪರಾಧ ಮಾಡಿ ಜೈಲಿಗೆ ಬಂದ 224 ಮಂದಿಯ ಪ್ರಕರಣಗಳನ್ನು ಒಂದೊಂದಾಗಿ ಪರಿಶೀಲಿಸಿ 2007ರಲ್ಲಿ ವರದಿ ಕೊಟ್ಟಿತು. ಮನೆಯ ದೂರದ ನಿಯಮದಿಂದ ತಪ್ಪುತ್ತಿದ್ದ ಪ್ರಕರಣ ಒಂದೂ ಇರಲಿಲ್ಲ. ಮಯಾಮಿ-ಡೇಡ್ ಕೌಂಟಿಯಲ್ಲಿ 2,500 ಅಡಿಯ ನಿಯಮದಿಂದಾಗಿ ಅಪರಾಧಿಗಳು ಸೇತುವೆಯೊಂದರ ಕೆಳಗೆ ಗುಡಿಸಲು ಹಾಕಿಕೊಂಡು ವರ್ಷಗಟ್ಟಲೆ ಬದುಕಿದರು. ಮನೆ, ಕೆಲಸ, ಮೇಲ್ವಿಚಾರಣೆ ಇರುವವನಿಗಿಂತ ಯಾವುದೂ ಇಲ್ಲದವನೇ ಹೆಚ್ಚು ಅಪಾಯಕಾರಿ.

ಆದರೆ ಅವನು ಮಾಡುವಂತಿಲ್ಲದ ಕೆಲಸಗಳಿವೆ, ಅವು ನಿಮಗೆ ಗೊತ್ತಿರಬೇಕು. ನ್ಯೂಜೆರ್ಸಿಯಲ್ಲಿ ಇಂಥ ಶಿಕ್ಷೆಯಾದವನು ಮಕ್ಕಳಿಗಾಗಿ ಕೆಲಸ ಮಾಡುವ ಸಂಸ್ಥೆಯಲ್ಲಿ ಸಂಬಳಕ್ಕಾಗಲಿ ಸೇವೆಯಾಗಲಿ ತೊಡಗುವಂತಿಲ್ಲ. ತೊಡಗಿದರೆ ಅದೇ ಮೂರನೇ ದರ್ಜೆಯ ಅಪರಾಧ, 3ರಿಂದ 5 ವರ್ಷ ಜೈಲು. ಹಲವರ ಮೇಲೆ ಜೀವನಪರ್ಯಂತ ಪೆರೋಲ್ ನಿಗಾ, ಅಂದರೆ ಬಿಡುಗಡೆಯ ನಂತರವೂ ಅಧಿಕಾರಿಗಳ ಮೇಲ್ವಿಚಾರಣೆ, ಇರುತ್ತದೆ. ಪಟ್ಟಿಯಲ್ಲಿರುವವನು ಸಾಕರ್ ತರಬೇತಿಯಲ್ಲಿ ಕಂಡರೆ, ಪುಟದ ವಿಳಾಸದಲ್ಲಿ ಅವನು ವಾಸವಿಲ್ಲವೆಂದು ಖಚಿತವಾಗಿ ತಿಳಿದರೆ, ಮಕ್ಕಳನ್ನು ಮನೆಯೊಳಗೆ ಕರೆಯುತ್ತಿದ್ದರೆ, ದಿನಾಂಕ, ಸಮಯ, ಜಾಗ, ವಾಹನದ ನಂಬರ್ ಬರೆದುಕೊಂಡು ಸ್ಥಳೀಯ ಪೊಲೀಸರಿಗೆ ತಿಳಿಸಿ. ತುರ್ತಿದ್ದರೆ 911. ನೀವೇ ಹೋಗಿ ಅವನ ಬಾಗಿಲು ಬಡಿಯಬೇಡಿ.

ವಾಟ್ಸ್‌ಆ್ಯಪ್ ವಿಚಾರದಲ್ಲಿ ಎರಡು ಸಂಗತಿ ಬೆರೆಸಬೇಡಿ. ಜಾಲತಾಣದಲ್ಲಿರುವುದು ಸಾರ್ವಜನಿಕ ಮಾಹಿತಿ. ಪೊಲೀಸರು ಬಾಗಿಲಿಗೆ ತಂದುಕೊಡುವ ಚೀಟಿ ಹಾಗಲ್ಲ, ಅದು ನಿಮ್ಮ ಮನೆಯವರಿಗೆ ಮತ್ತು ಮಕ್ಕಳನ್ನು ನೋಡಿಕೊಳ್ಳುವವರಿಗೆ ಮಾತ್ರ, ಫೋಟೊ ತೆಗೆದು ಹಂಚಬೇಡಿ. ಯಾವ ಮಾಹಿತಿಯನ್ನೇ ಆಗಲಿ ಬಳಸಿಕೊಂಡು ಬೆದರಿಸುವುದು, ಆಸ್ತಿ ಹಾಳುಮಾಡುವುದು ಮಾಡಿದರೆ ಆ ದುರ್ಬಳಕೆಯೇ ಪ್ರತ್ಯೇಕ ಅಪರಾಧ. ಗುಂಪಿಗೆ ಏನಾದರೂ ಹಾಕಲೇಬೇಕೆಂದರೆ ಜಾಲತಾಣದ ಕೊಂಡಿ ಮಾತ್ರ ಹಾಕಿ, ಸ್ಕ್ರೀನ್‌ಶಾಟ್ ಬೇಡ. ಅವನು ಮನೆ ಬದಲಿಸಿದ ಮೇಲೂ ಸ್ಕ್ರೀನ್‌ಶಾಟ್ ಹರಿದಾಡುತ್ತಿರುತ್ತದೆ, ಆ ವಿಳಾಸಕ್ಕೆ ಹೊಸದಾಗಿ ಬಂದ ಕುಟುಂಬ ತೊಂದರೆಗೆ ಸಿಕ್ಕುತ್ತದೆ. ಅವನಿಗೆ ಮಕ್ಕಳಿದ್ದರೆ ಅವರು ನಿಮ್ಮ ಮಕ್ಕಳ ಶಾಲಾ ಬಸ್ಸಿನಲ್ಲೇ ಬರುತ್ತಿರಬಹುದು. ಅವರನ್ನು ಯಾರೂ ಚುಚ್ಚದಂತೆ ನೋಡಿಕೊಳ್ಳುವುದೂ ನೆರೆಯ ಮಕ್ಕಳ ಸುರಕ್ಷತೆಯೇ.

ಇನ್ನು ಮುಖ್ಯ ವಿಷಯ. ಮಕ್ಕಳಿಗೆ ಕೇಡು ಮಾಡುವವನು ಸಾಮಾನ್ಯವಾಗಿ ಮೊದಲು ದೊಡ್ಡವರ ವಿಶ್ವಾಸ ಗಳಿಸುತ್ತಾನೆ. ಬಿಡುವಿಲ್ಲದ ತಂದೆತಾಯಿಗೆ ಸಹಾಯ ಮಾಡುತ್ತಾನೆ, ಡ್ರಾಪ್ ಕೊಡುತ್ತಾನೆ, ಒಂದು ಮಗುವನ್ನು ‘ವಿಶೇಷ ಪ್ರತಿಭೆ’ ಎಂದು ಬೇರ್ಪಡಿಸುತ್ತಾನೆ, ಉಡುಗೊರೆ ಕೊಡುತ್ತಾನೆ, ನೇರ ಮೆಸೇಜು ಶುರುಮಾಡುತ್ತಾನೆ, ಸಣ್ಣ ಗುಟ್ಟುಗಳನ್ನು ಹೇಳಿ ಮಗು ಮುಚ್ಚಿಡುತ್ತದೆಯೇ ಎಂದು ಪರೀಕ್ಷಿಸುತ್ತಾನೆ. ಕಚಗುಳಿ, ಕುಸ್ತಿಯಾಟದ ನೆಪದ ಸ್ಪರ್ಶ ಆಮೇಲೆ. ಇದನ್ನು ತಡೆಯಲು ಮುಖ ನೋಡಿ ಅಳೆಯುವುದರಿಂದ ಆಗದು, ಎಲ್ಲರಿಗೂ ಒಂದೇ ನಿಯಮ ಇದ್ದರೆ ಆಗುತ್ತದೆ. ಯಾವ ದೊಡ್ಡವರೇ ಆಗಲಿ ಮಗುವಿನ ಜೊತೆ ಇರುವಾಗ ಇನ್ನೊಬ್ಬರ ಕಣ್ಣಿಗೆ ಕಾಣುವಂತಿರಬೇಕು, ಯಾರು ಬೇಕಾದರೂ ಯಾವಾಗ ಬೇಕಾದರೂ ನಡುವೆ ಬರುವಂತಿರಬೇಕು.

ನಮ್ಮವರಲ್ಲಿ ಈ ನಿಯಮ ಹೆಚ್ಚು ಸಡಿಲವಾಗುವುದು ಬೇಸ್‌ಮೆಂಟಿನ ತರಗತಿಗಳಲ್ಲಿ. ಭರತನಾಟ್ಯ, ವೀಣೆ, ಗಣಿತದ ಟ್ಯೂಷನ್, ಭಾನುವಾರದ ಕನ್ನಡ ಶಾಲೆ, ಎಲ್ಲ ಪರಿಚಿತರ ಮನೆಗಳಲ್ಲೇ ನಡೆಯುತ್ತವೆ. ಗುರುವಿನ ಮೇಲಿನ ಗೌರವದಿಂದ ಯಾರೂ ಪ್ರಶ್ನೆ ಕೇಳುವುದಿಲ್ಲ. ಕೇಳಿ. ಬಾಗಿಲು ತೆರೆದಿರುತ್ತದೆಯೆ, ತಂದೆತಾಯಿ ಹೇಳದೆ ಬಂದು ಕೂರಬಹುದೆ, ಮನೆಯಲ್ಲಿ ಆ ಹೊತ್ತಿಗೆ ಇನ್ನು ಯಾರಿರುತ್ತಾರೆ, ಮಗುವಿಗೆ ಮೆಸೇಜು ಕಳಿಸುವಾಗ ತಂದೆ ಅಥವಾ ತಾಯಿಯನ್ನು ಸೇರಿಸುತ್ತಾರೆಯೆ. ಒಳ್ಳೆಯ ಶಿಕ್ಷಕರಿಗೆ ಈ ಪ್ರಶ್ನೆಗಳಿಂದ ಬೇಸರವಾಗದು. ಕೂಟದ ಕಾರ್ಯಕ್ರಮದಲ್ಲಿ ಪೋಷಾಕು ಬದಲಿಸುವ ಕೋಣೆಗೆ ಇಬ್ಬರು ಹೆಂಗಸರನ್ನು ನೇಮಿಸಿ, ಒಬ್ಬರನ್ನಲ್ಲ. ಕಾರ್‌ಪೂಲ್‌ನಲ್ಲಿ ಕೊನೆಗೆ ಇಳಿಯುವ ಮಗು ವಾರವೂ ಅದೇ ಆಗದಂತೆ ಸರದಿ ಬದಲಿಸಿ. ಒಲಿಂಪಿಕ್ ಕ್ರೀಡೆಗಳ ಕ್ಲಬ್ಬುಗಳ ತರಬೇತುದಾರರಾದರೆ ಯು.ಎಸ್. ಸೆಂಟರ್ ಫಾರ್ ಸೇಫ್‌ಸ್ಪೋರ್ಟ್‌ನ ಶಿಸ್ತುಕ್ರಮದ ಪಟ್ಟಿ ಸಾರ್ವಜನಿಕವಾಗಿದೆ, ಹೆಸರು ಹಾಕಿ ನೋಡಿ. ಶಿಕ್ಷೆಯಾಗದಿದ್ದರೂ ನಿಷೇಧಕ್ಕೊಳಗಾದವರು ಅಲ್ಲಿ ಸಿಗುತ್ತಾರೆ.

ಇದನ್ನು ಹೇಳಲು ಕಷ್ಟ, ಆದರೂ ಹೇಳಬೇಕು: ಅಮೆರಿಕದಲ್ಲಿ ಮಕ್ಕಳ ಮೇಲೆ ಲೈಂಗಿಕ ಅಪರಾಧ ಎಸಗಿ ಪೊಲೀಸರ ಗಮನಕ್ಕೆ ಬಂದವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ 18 ತುಂಬದವರು, ಬಹುತೇಕ ಹುಡುಗರು. ಎಲ್ಲರೂ ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್ ದಿನ ದೊಡ್ಡವರೆಲ್ಲ ಮೇಲೆ ಹರಟುವಾಗ 5ರಿಂದ 15ರವರೆಗಿನ ಮಕ್ಕಳನ್ನೆಲ್ಲ ಕೆಳಗಿನ ಕೋಣೆಗೆ ಕಳಿಸಿ ಬಾಗಿಲೆಳೆಯುವುದು ನಮ್ಮಲ್ಲಿ ಸಾಮಾನ್ಯ. ಅರ್ಧ ಗಂಟೆಗೊಮ್ಮೆ ಯಾರಾದರೂ ಇಳಿದು ನೋಡಿ, ಬಾಗಿಲು ತೆರೆದಿಡಿ.

ನಿಮ್ಮ 6 ವರ್ಷದ ಮಗುವಿಗೆ ಆ ಫೋಟೊ ತೋರಿಸಬೇಡಿ. ಆ ಮುಖ ಒಂದಕ್ಕೇ ಹೆದರಿ, ಉಳಿದವರೆಲ್ಲ ಒಳ್ಳೆಯವರೆಂದು ತಿಳಿಯುತ್ತದೆ. ಕಲಿಸಬೇಕಾದ್ದು ಬೇರೆ: ಯಾರ ಮನೆಗೆ, ಯಾರ ಕಾರಿಗೆ ಹೋಗುವ ಮೊದಲೂ ನಮ್ಮನ್ನು ಕೇಳಬೇಕು, ಕರೆದವರು ಪರಿಚಿತರಾಗಿದ್ದರೂ. ಅಪ್ಪ ಅಮ್ಮನಿಂದ ಮುಚ್ಚಿಡು ಎಂದು ಯಾರೇ ಹೇಳಿದರೂ ಅದನ್ನು ನಮಗೆ ಹೇಳಬೇಕು. ಗುಪ್ತಾಂಗಗಳಿಗೆ ‘ಶೇಮ್ ಶೇಮ್’ ಎನ್ನುವುದನ್ನು ಬಿಟ್ಟು ಸರಿಯಾದ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕಲಿಸಿ, ಶಾಲೆಯ ನರ್ಸಿಗೆ ಮಗು ಹೇಳಿದ್ದು ಅರ್ಥವಾಗಬೇಕಲ್ಲ. 10 ವರ್ಷದ ಮಗುವಿಗೆ ‘ಆ ಬೀದಿಯ ಆ ಮನೆಯ ಅಂಗಳಕ್ಕೆ ಹೋಗಬೇಡ, ಅವರು ಏನಾದರೂ ಕೊಟ್ಟರೆ ತಗೋಬೇಡ’ ಎಂದಷ್ಟು ಹೇಳಿದರೆ ಸಾಕು. ಆ ವಯಸ್ಸಿಗೆ ಆಟದ ಆ್ಯಪ್‌ಗಳ ಚಾಟ್ ಮುಚ್ಚುವುದು, ರಾತ್ರಿ ಫೋನು ಟ್ಯಾಬ್ಲೆಟ್ ಮಲಗುವ ಕೋಣೆಯ ಹೊರಗಿಡುವುದು ಆ ಮನೆಗಿಂತ ಮುಖ್ಯ.

ಅಜ್ಜ ಅಜ್ಜಿಗೆ ಫೋಟೊ ತೋರಿಸಿ. ಪಾರ್ಕಿನಲ್ಲಿ ಮಗುವನ್ನು ಶೌಚಾಲಯಕ್ಕೆ ಇನ್ನೊಬ್ಬರ ಜೊತೆ ಕಳಿಸಬಾರದು, ನೀವು ಹೇಳದೆ ಯಾರ ಕೈಗೂ ಮಗುವನ್ನು ಒಪ್ಪಿಸಬಾರದು, ಏನಾದರೂ ಆದರೆ 911 ಒತ್ತಿ ‘ಕನ್ನಡ’ ಎಂದರೆ ಭಾಷಾಂತರಕಾರರನ್ನು ಕೇಳಬಹುದು ಎಂಬುದನ್ನು ವಿವರಿಸಿ. ಮನೆಯ ವಿಳಾಸವನ್ನು ಇಂಗ್ಲಿಷಿನಲ್ಲಿ ಬರೆದ ಚೀಟಿ ಜೇಬಿನಲ್ಲಿರಲಿ. ಬಂದ ನೆಂಟರಿಗೆಲ್ಲ ಮುತ್ತು ಕೊಡು, ತೊಡೆಯ ಮೇಲೆ ಕೂರು ಎಂದು ಮಗುವನ್ನು ಒತ್ತಾಯಿಸಬೇಡಿ ಎಂದೂ ಅವರಿಗೆ ಪ್ರೀತಿಯಿಂದ ಹೇಳಿ. ನಮಸ್ಕಾರ ಮಾಡಿದರೆ ಗೌರವಕ್ಕೆ ಕುಂದಿಲ್ಲ, ತನ್ನ ಮೈಮೇಲೆ ತನಗೆ ಹಕ್ಕಿದೆ ಎಂದು ಮಗು ಕಲಿಯುತ್ತದೆ.

ಮಗು ಏನಾದರೂ ಹೇಳಿಕೊಂಡರೆ ಮುಖದಲ್ಲಿ ಗಾಬರಿ ತೋರಿಸದೆ ಪೂರ್ತಿ ಕೇಳಿ. ‘ನೀನು ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ’ ಎನ್ನಿ. ‘ಅವನು ಹೀಗೆ ಮಾಡಿದನಾ?’ ಎಂದು ಉತ್ತರ ಬಾಯಿಗಿಡುವ ಪ್ರಶ್ನೆ ಕೇಳಬೇಡಿ, ಅತ್ತೆ ಮಾವ ಎಲ್ಲರ ಮುಂದೆ ಮತ್ತೆ ಮತ್ತೆ ಹೇಳಿಸಬೇಡಿ. ಪ್ರಕರಣಗಳು ಕೋರ್ಟಿನಲ್ಲಿ ದುರ್ಬಲವಾಗುವುದು ಬಹುಮಟ್ಟಿಗೆ ಇಲ್ಲೇ. ಮಗು ಬಳಸಿದ ಪದಗಳನ್ನೇ ಬರೆದಿಡಿ. ಈಚಿನ ಕೆಲವು ದಿನಗಳಲ್ಲಿ ನಡೆದದ್ದಾದರೆ ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ, ಬಟ್ಟೆಯನ್ನು ಪ್ಲಾಸ್ಟಿಕ್‌ಗೆ ಬದಲು ಕಾಗದದ ಚೀಲದಲ್ಲಿಡಿ, ಏಕೆಂದರೆ ತೇವ ಉಳಿದರೆ ಸಾಕ್ಷ್ಯ ಕೆಡುತ್ತದೆ. ಪೊಲೀಸರಿಗೆ ಮತ್ತು ರಾಜ್ಯದ ಮಕ್ಕಳ ರಕ್ಷಣಾ ವಿಭಾಗದ 1-877-652-2873ಕ್ಕೆ ಕರೆಮಾಡಿ. ನ್ಯೂಜೆರ್ಸಿಯಲ್ಲಿ ಈ ದೂರು ಕೊಡುವುದು ಶಿಕ್ಷಕರು, ವೈದ್ಯರಿಗೆ ಮಾತ್ರವಲ್ಲ, ಸಂಶಯಕ್ಕೆ ಸಕಾರಣ ಇರುವ ಪ್ರತಿಯೊಬ್ಬರಿಗೂ ಕಡ್ಡಾಯ. ಮುಂದಿನ ಪ್ರಶ್ನೆಗಳನ್ನು ಅದಕ್ಕೆಂದೇ ತರಬೇತಾದವರು ಕೇಳುತ್ತಾರೆ. ಆರೋಪ ಹೊತ್ತವನನ್ನು ನೀವು ಮೊದಲು ವಿಚಾರಿಸಿದರೆ ಫೋನಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಮಗುವಿನ ನಗ್ನ ಚಿತ್ರ ಯಾರ ಕೈಗಾದರೂ ಹೋಗಿದ್ದರೆ ಕಾಣೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರಕ್ಕೆ 1-800-843-5678ರಲ್ಲಿ ತಿಳಿಸಿ. ಅದರ ‘ಟೇಕ್ ಇಟ್ ಡೌನ್’ ಸೇವೆ ಚಿತ್ರವನ್ನು ನಿಮ್ಮ ಫೋನಿನಿಂದ ಕಳಿಸದೆಯೇ, ಅದರ ಡಿಜಿಟಲ್ ಗುರುತಿನಿಂದ ಆ ಸೇವೆಗೆ ಸೇರಿದ ಜಾಲತಾಣಗಳು ತೆಗೆಯುವಂತೆ ಮಾಡುತ್ತದೆ.

ತಂಗಿಯ ಪ್ರಶ್ನೆಗೆ: ಭಾರತದಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ 2018ರ ಸೆಪ್ಟೆಂಬರ್ 20ರಿಂದ ಇದೆ, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಇಟ್ಟುಕೊಂಡಿದೆ. ಅದನ್ನು ಪೊಲೀಸರು, ತನಿಖಾ ಸಂಸ್ಥೆಗಳು ಮಾತ್ರ ನೋಡಬಹುದು. ಸಾರ್ವಜನಿಕರಿಗೆ ನಕಾಶೆ ಇಲ್ಲ, ಹಾಗೆಂದು ತೋರಿಸುವ ಖಾಸಗಿ ಆ್ಯಪ್‌ಗಳನ್ನು ನಂಬಬೇಡಿ. ಅವಳ ಕೈಯಲ್ಲಿರುವ ಆಯುಧ ಪೋಕ್ಸೊ ನಿಯಮಗಳು, 2020. ಶಾಲೆ, ಶಿಶುವಿಹಾರ, ಕ್ರೀಡಾ ಅಕಾಡೆಮಿಗಳು ಮಕ್ಕಳ ಸಂಪರ್ಕಕ್ಕೆ ಬರುವ ಪ್ರತಿ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಲೇಬೇಕು, ಕಾಲಕಾಲಕ್ಕೆ. ವ್ಯಾನ್ ಚಾಲಕ, ಆಯಾ, ಭದ್ರತಾ ಸಿಬ್ಬಂದಿಯದ್ದು ಆಗಿದೆಯೇ ಎಂದು ಅವಳು ಲಿಖಿತವಾಗಿ ಕೇಳಲಿ. ದೌರ್ಜನ್ಯ ತಿಳಿದವರು ದೂರು ಕೊಡುವುದು ಪೋಕ್ಸೊ ಕಾಯ್ದೆಯ 19ನೇ ಕಲಂನಂತೆ ಎಲ್ಲರಿಗೂ ಕಡ್ಡಾಯ, ಕೊಡದಿದ್ದರೆ 6 ತಿಂಗಳವರೆಗೆ ಜೈಲಾಗಬಹುದು. ಮಗುವಿನ ಹೇಳಿಕೆಯನ್ನು ಮನೆಯಲ್ಲೇ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯಿಂದ, ಸಮವಸ್ತ್ರವಿಲ್ಲದೆ ದಾಖಲಿಸಬೇಕು. ಠಾಣೆಗೆ ಕರೆತನ್ನಿ ಎಂದರೆ 24ನೇ ಕಲಂ ತೋರಿಸಬಹುದು. ಮಕ್ಕಳ ಸಹಾಯವಾಣಿ 1098.